ರಾತ್ರಿ ಹಲ್ಲುಜ್ಜುವಿಕೆಯ ಲೋಪಸಂಧಿ: ಒಂದು ಶಾಸ್ತ್ರೀಯ ಜಿಜ್ಞಾಸೆ

ಗ್ರಂಥಕ್ಕೆ ವಿಘ್ನ ಬಾರದಿರಲೆಂದು ಮೊದಲು ಏಕದಂತನನ್ನು ನೆನೆಯುವುದು ಸಂಪ್ರದಾಯ. ಹಲ್ಲಿನ ಗ್ರಂಥಕ್ಕೆ ಒಂದೇ ದಂತ ಉಳಿದಿರುವ ದೇವರನ್ನು ಕರೆಯಬಹುದೇ ಎಂದು ಪೂರ್ವಪಕ್ಷದವರು ಆಕ್ಷೇಪಿಸಿಯಾರು. ಧಾರಾಳವಾಗಿ ಕರೆಯಬಹುದು. ಇನ್ನೊಂದು ದಂತ ಮಹಾಭಾರತ ಬರೆಯಲು ಮುರಿದದ್ದೇ ಹೊರತು ಹುಳುಕು ಹಿಡಿದು ಬಿದ್ದದ್ದಲ್ಲ. ಕೈಯಲ್ಲಿ ಸದಾ ಮೋದಕವಿದ್ದೂ ಹುಳುಕಾಗಲಿಲ್ಲವಲ್ಲ ಎಂದು ಭಕ್ತರು ಮಾತ್ರ ಧೈರ್ಯ ತಂದುಕೊಳ್ಳಬಾರದು.

ಇನ್ನು ವಿಷಯಪ್ರವೇಶ. ಚರಕಸಂಹಿತೆಯ ಸೂತ್ರಸ್ಥಾನವು ತುದಿ ಜಜ್ಜಿದ, ಒಗರು ಖಾರ ಕಹಿ ರುಚಿಯ ಕಡ್ಡಿಯಿಂದ ಎರಡು ಹೊತ್ತು ಹಲ್ಲುಜ್ಜಬೇಕೆಂದು ವಿಧಿಸುತ್ತದೆ. ಇಂದಿನ ದಂತವೈದ್ಯರೂ ಎರಡೇ ಹೊತ್ತು ಎನ್ನುತ್ತಾರೆ. ಎದುರುಬದುರು ಬೀದಿಯ ಇಬ್ಬರು ವೈದ್ಯರೇ ಒಮ್ಮತಕ್ಕೆ ಬಾರದ ಕಾಲದಲ್ಲಿ, ಶತಮಾನಗಳ ಅಂತರದ ಇಬ್ಬರು ಒಂದೇ ಮಾತು ಹೇಳಿರುವುದು ಸಾಮಾನ್ಯ ಸಂಗತಿಯಲ್ಲ. ಹೀಗಿದ್ದೂ ನಮ್ಮ ಮನೆಗಳಲ್ಲಿ ಉಳಿದಿರುವುದು ಒಂದೇ ಹೊತ್ತು. ಎರಡನೆಯದು ಎಲ್ಲಿ ಹೋಯಿತು? ಅದನ್ನು ಬರೆದ ಓಲೆಗರಿಯನ್ನು ಗೆದ್ದಲು ತಿಂದಿತೇ? ಲಿಪಿಕಾರನಿಗೆ ಅಲ್ಲಿಗೆ ಬರುವ ಹೊತ್ತಿಗೆ ನಿದ್ದೆ ಹತ್ತಿತೇ?

ಪ್ರಸ್ತುತ ಪ್ರಬಂಧಕಾರನ ಮತದಲ್ಲಿ ಇದು ವೈದ್ಯದ ಸಮಸ್ಯೆಯೇ ಅಲ್ಲ, ವ್ಯಾಕರಣದ್ದು. ಊರು, ಅಲ್ಲಿ ಸೇರಿ ಊರಲ್ಲಿ ಆಗುವಾಗ ಪೂರ್ವಪದದ ಕೊನೆಯ ಸ್ವರ ಬಿದ್ದುಹೋಗುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಹಲ್ಲುಜ್ಜುವಿಕೆಯಲ್ಲಿ ಪೂರ್ವಪದವಾದ ಬೆಳಗು ಗಟ್ಟಿಯಾಗಿ ನಿಂತು, ಉತ್ತರಪದವಾದ ರಾತ್ರಿ ಪೂರ್ತಿಯಾಗಿ ಬೀಳುತ್ತದೆ. ಇಂಥ ಲೋಪಕ್ಕೆ ಕೇಶಿರಾಜನಲ್ಲಿ ಸೂತ್ರವಿಲ್ಲ. ‘ಶಬ್ದಮಣಿದರ್ಪಣ’ ಬರೆದವನು ಕನ್ನಡಿ ಹಿಡಿದೂ ಹಲ್ಲು ನೋಡಿಕೊಳ್ಳಲಿಲ್ಲವೆಂದು ಹೇಳಿದರೆ ಅಧಿಕಪ್ರಸಂಗವಾದೀತು.

ಲೋಪವನ್ನು ಸಮರ್ಥಿಸುವ ದರ್ಶನಗಳು ಮುಖ್ಯವಾಗಿ ಎರಡು. ಮೊದಲನೆಯದು ಹೇಗೂವಾದ: “ಬೆಳಗ್ಗೆ ಹೇಗೂ ಉಜ್ಜುತ್ತೇವಲ್ಲ.” ಎರಡನೆಯದು ಯಾರ್ನೋಡ್ತಾರೆವಾದ: “ರಾತ್ರಿ ಯಾರು ನೋಡ್ತಾರೆ?” ಹಲ್ಲು ಇರುವುದು ಪರರಿಗಾಗಿ, ಅದರಲ್ಲೂ ಆಫೀಸಿನವರಿಗಾಗಿ ಎಂಬುದು ಈ ಎರಡನೆಯವರ ಮೂಲ ತತ್ತ್ವ. ರಜಾದಿನ ಇವರು ಬೆಳಗಿನದನ್ನೂ ಹನ್ನೊಂದು ಗಂಟೆಗೆ ತಳ್ಳುವುದರಿಂದ, ಸಿದ್ಧಾಂತಕ್ಕೂ ಆಚಾರಕ್ಕೂ ಇವರಲ್ಲಿ ವಿರೋಧವಿಲ್ಲವೆಂದು ಒಪ್ಪಲೇಬೇಕು.

ಖಂಡನೆಗೆ ಎಂಜಲೇ ಸಾಕು. ನಾವು ಏನು ತಿಂದರೂ ಹಲ್ಲಿನ ಮೇಲಿನ ಪಾಚಿಯಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಅಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಎಂಜಲು ಹರಿದುಬಂದು ಆಮ್ಲವನ್ನು ತಣಿಸಿ, ಕರಗಿದ ಸುಣ್ಣದ ಅಂಶವನ್ನು ಮತ್ತೆ ಹಲ್ಲಿಗೆ ಕಟ್ಟಿಕೊಡುತ್ತದೆ. ಸಂಬಳವಿಲ್ಲದ ಈ ಗಾರೆಯವನು ಹಗಲೆಲ್ಲ ದುಡಿದು, ನಾವು ಮಲಗಿದಾಗ ತಾನೂ ಮಲಗುತ್ತಾನೆ. ನಿದ್ದೆಯಲ್ಲಿ ಎಂಜಲು ತೀರಾ ಕಡಿಮೆ. ರಾತ್ರಿಯ ಕೇಸರಿಬಾತಿನ ಅಂಟು ಹಲ್ಲಿನ ಸಂದಿಯಲ್ಲಿ ಬೆಳಗಿನವರೆಗೂ ಹೇಳುವವರು ಕೇಳುವವರಿಲ್ಲದೆ ಇರುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಬಿಡಲೇಬೇಕೆಂದು ಯಾರಾದರೂ ಹಟ ಹಿಡಿದರೆ, ನಾವು ಬಿಟ್ಟಿರುವುದು ತಪ್ಪಾದದ್ದನ್ನು.

ಇಲ್ಲಿ ಕಾಫಿಪಂಥದವರು ಒಂದು ಪುರಾವೆಯನ್ನು ಮುಂದಿಡುವುದುಂಟು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಬಿಳಿ ಪಾಚಿಯನ್ನು ಕೆರೆದು, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿಟ್ಟು, ಅದರಲ್ಲಿ ಕುಣಿದಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಮುಂದೆ ಒಮ್ಮೆ ಅವನ ಮುಂಬಲ್ಲುಗಳಲ್ಲಿ ಆ ಜೀವಿಗಳು ಚಲಿಸುವುದು ಕಾಣಲಿಲ್ಲ. ಬಿಸಿ ಕಾಫಿಯೇ ಕೊಂದಿರಬೇಕೆಂದು ಅವನು ಊಹಿಸಿದ. ಹಾಸಿಗೆಯಲ್ಲೇ ಫಿಲ್ಟರ್ ಕಾಫಿ ಕುಡಿಯುವವರಿಗೆ ಇದಕ್ಕಿಂತ ದೊಡ್ಡ ಶಾಸ್ತ್ರಾಧಾರ ಬೇಕೇ? ಆದರೆ ಕಾಫಿ ಮುಟ್ಟದ ಹಿಂದಿನ ಹಲ್ಲುಗಳಲ್ಲಿ ಅವು ಸುಖವಾಗಿದ್ದವೆಂದೂ ಅದೇ ಮಹಾಶಯ ಬರೆದಿದ್ದಾನೆ. ಆತ ದಿನಾ ಬೆಳಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುವವನು. ಬೆಳಗ್ಗೆ ಎಂಬುದನ್ನು ಗಮನಿಸಬೇಕು.

ಉಳಿದುಕೊಂಡಿರುವ ಬೆಳಗಿನ ಪಾಠವಾದರೂ ಶುದ್ಧವೇ? ಕ್ಷೇತ್ರಕಾರ್ಯಕ್ಕೆಂದು ಪ್ರಬಂಧಕಾರನು ವಠಾರದ ಮೆಟ್ಟಿಲ ಮೇಲೆ ಕೂತು ಎದುರು ಮನೆಯ ಯಜಮಾನರನ್ನು ಅವಲೋಕಿಸಿದ್ದಾನೆ. ಬ್ರಷ್ ಬಾಯಿಗಿಟ್ಟುಕೊಂಡೇ ಅವರು ಪೇಪರಿನ ಮೊದಲ ಪುಟ ಮುಗಿಸುತ್ತಾರೆ, ತುಳಸಿಗೆ ನೀರು ಹಾಕುತ್ತಾರೆ, ನೊರೆ ಚೆಲ್ಲದಂತೆ ಗದ್ದ ಮೇಲೆತ್ತಿ ಹಾಲಿನವನನ್ನು ದಬಾಯಿಸುತ್ತಾರೆ: “ಇಯ್ಯೆ ಹಾಊ ಅಈ ಈಯಾಇಅಅ!” ಹಾಲಿನವನು ತಡವಿಲ್ಲದೆ, “ಇಲ್ಲಾ ಸ್ವಾಮಿ, ಅದೇ ಹಸೀನ್ ಹಾಲು, ನೀರೆಲ್ಲಿ ಹಾಕ್ತೀನಿ?” ಎನ್ನುತ್ತಾನೆ. ದಂತಶುದ್ಧಿಯ ವೇಳೆ ಮೊದಲು ಲೋಪವಾಗುವುದು ದಂತ್ಯಾಕ್ಷರಗಳೇ ಎಂಬ ಸಂಗತಿ ಭಾಷಾವಿಜ್ಞಾನಿಗಳಿಗೆ ಉಪಯುಕ್ತವಾದೀತು. ಹಲ್ಲಿಗೆ ಉಪಯುಕ್ತವಾದದ್ದು ಬೇರೆ: ಬ್ರಷ್ ಬಾಯಲ್ಲಿದ್ದ ಹೊತ್ತೇ ಬೇರೆ, ಬ್ರಷ್ ಆಡಿದ ಹೊತ್ತೇ ಬೇರೆ. ಆಡಿದಷ್ಟೂ ಹೊತ್ತು ಅದು ಎಡಗಡೆಯ ಮುಂಬಲ್ಲುಗಳನ್ನೇ ತಿಕ್ಕಿತು. ಕೆಳದವಡೆಯ ಒಳಮೈಗೆ ಅವರ ಬ್ರಷ್ ಈ ಜನ್ಮದಲ್ಲಿ ಹೋಗಿರಲಿಕ್ಕಿಲ್ಲ. ವೈದ್ಯರು ಕೇಳುವುದು ಮೆತ್ತನೆಯ ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಎಲ್ಲ ಹಲ್ಲುಗಳ ಒಳಗೂ ಹೊರಗೂ, ಬರೀ 2 ನಿಮಿಷ. ಜೋರಿನಿಂದ ವಸಡು ಸವೆಯುತ್ತದೆ, ಪಾಚಿ ಹೆಚ್ಚೇನೂ ಹೋಗುವುದಿಲ್ಲ. ಎಳೆಗಳು ನಾಲ್ಕೂ ದಿಕ್ಕಿಗೆ ಕೆದರಿದ ಆ ಬ್ರಷ್ಷಿನ ವಯಸ್ಸನ್ನು ಕೇಳುವ ಧೈರ್ಯ ಪ್ರಬಂಧಕಾರನಿಗೆ ಬರಲಿಲ್ಲ. ಶಾಸ್ತ್ರದಲ್ಲಿ ಅದರ ಆಯುಸ್ಸು 3ರಿಂದ 4 ತಿಂಗಳು.

ಆಮೇಲೆ ನಾಲಿಗೆ. ಚರಕನು ಇದಕ್ಕೆ ಚಿನ್ನ, ಬೆಳ್ಳಿ, ತಾಮ್ರಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಆದರೆ ಇಡೀ ವಠಾರ ಎದ್ದು ಕೂರುವಂತೆ ಮಂದ್ರದಿಂದ ತಾರಸ್ಥಾಯಿಗೆ ಏರುವ ಆ “ಓ…ಆಕ್” ಆಲಾಪನೆಗೆ ಯಾವ ಸಂಹಿತೆಯಲ್ಲೂ ಆಧಾರವಿಲ್ಲ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒಂದೆರಡು ಸಲ ಎಳೆದರೆ ಬಾಯಿನಾತಕ್ಕೆ ಕಾರಣವಾದ ಪೊರೆ ಹೋಗುತ್ತದೆ. ಸಂಗೀತ ಐಚ್ಛಿಕ.

ಲೋಪ ಹೀಗಾದರೆ ಆಗಮವೂ ಉಂಟು. ಹಲ್ಲುಜ್ಜಿದ್ದಕ್ಕೂ ಮಲಗುವುದಕ್ಕೂ ನಡುವೆ, ಯಾರೂ ಕರೆಯದ ಯಕಾರದಂತೆ, ಸಕ್ಕರೆ ಹಾಕಿದ ಹಾಲು ಬಂದು ಸೇರುತ್ತದೆ. ಮಗುವಿನ ಬಾಯಲ್ಲಿ ರಾತ್ರಿಯಿಡೀ ಹಾಲಿನ ಬಾಟಲಿ ಉಳಿದರೆ ಹಾಲುಹಲ್ಲುಗಳು ಮೂಡುತ್ತಲೇ ಹುಳುಕಾಗುತ್ತವೆ. ಹಿರಿಯರಿಗೆ ಬಾಳೆಹಣ್ಣಿನ ಆಗಮ. ಈ ವಿಷಯದಲ್ಲಿ ನಂಜನಗೂಡಿನ ಸಾಕ್ಷ್ಯ ಬಲವಾದದ್ದು. ರಸಬಾಳೆಯೂ ಅಲ್ಲಿಯದೇ, ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿಯೂ ಅಲ್ಲಿಯದೇ. ಹಣ್ಣು ಮೊದಲು, ಪುಡಿ ಆಮೇಲೆ ಎಂಬ ಕ್ರಮವನ್ನು ಆ ಊರು ಸೂಚ್ಯವಾಗಿ ಹೇಳುತ್ತಿದ್ದರೂ ನಾವು ತಿರುಗುಮುರುಗಾಗಿ ಓದಿಕೊಂಡಿದ್ದೇವೆ.

ಆದೇಶವೆಂದರೆ ಒಂದರ ಜಾಗದಲ್ಲಿ ಇನ್ನೊಂದು ಬರುವುದು. ಊಟವಾದ ಮೇಲೆ ಬ್ರಷ್ ಬರಬೇಕಾದ ಜಾಗಕ್ಕೆ ಎಲೆಅಡಿಕೆ, ಅದರ ಹಿಂದೆಯೇ ಕಡ್ಡಿಪುಡಿ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ತಂಬಾಕನ್ನಷ್ಟೇ ಅಲ್ಲ, ಬರೀ ಅಡಿಕೆಯನ್ನೂ ಸೇರಿಸಿದೆ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಕೂತು ಇದನ್ನು ಬರೆಯುವಾಗ ಪ್ರಬಂಧಕಾರನಿಗೆ ಮಲೆನಾಡಿನ ನೆಂಟರ ಮುಖ ಕಣ್ಣಮುಂದೆ ಬರುತ್ತದೆ. ದನಿ ತಗ್ಗಿಸಿದ್ದಾನೆ, ವಾಕ್ಯ ತೆಗೆದಿಲ್ಲ.

ಹಳಬರ ಒಂದು ಪಾಠ ಮಾತ್ರ ನಿಜಕ್ಕೂ ಶ್ರೇಷ್ಠವಾಗಿತ್ತು: ಏನು ತಿಂದರೂ ಬಾಯಿ ಮುಕ್ಕಳಿಸುವುದು. ಕೈ ತೊಳೆಯಲು ಬಚ್ಚಲಿಗೆ ಹೋದವರು ಬಾಯಿಯನ್ನೂ ತೊಳೆಯುತ್ತಿದ್ದರು. ದರ್ಶಿನಿಯಲ್ಲಿ ನಿಂತು ತಿಂದು, ಚಮಚ ಇಟ್ಟು, ಕಾಗದದಲ್ಲಿ ತುಟಿ ಒರೆಸಿ ನಡೆಯುವ ನಮಗೆ ಅದೂ ತಪ್ಪಿತು. ಮುಕ್ಕಳಿಸಬಾರದ ಒಂದೇ ಒಂದು ಸಂದರ್ಭವೆಂದರೆ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿದ ತಕ್ಷಣ. ಉಗುಳಿ ಸುಮ್ಮನಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಉಳಿದು ಕೆಲಸ ಮಾಡುತ್ತದೆ. ನಾವು ಮುಕ್ಕಳಿಸುವುದು ಸರಿಯಾಗಿ ಆಗಲೇ, ಚೊಂಬುಗಟ್ಟಲೆ.

ಈ ಪ್ರಬಂಧದ ಬಗ್ಗೆ ಪಂಡಿತರ ಆಕ್ಷೇಪಣೆಗಳಿಗೆ ಸ್ವಾಗತವಿದೆ. ಊಟ ಮುಗಿಸಿ ಬರೆಯಬಹುದು. ಬರೆದ ಮೇಲೆ ಹಲ್ಲುಜ್ಜತಕ್ಕದ್ದು. ಹಲ್ಲುಜ್ಜಿದ ಮೇಲೆ ಬಾಳೆಹಣ್ಣು ಮುಟ್ಟತಕ್ಕದ್ದಲ್ಲ.