ತೀರಮೋಕ್ಷ ಮೀಮಾಂಸೆ: ಮಾರ್ಬೆಯಾವಾಸದ ಚತುರ್ವಿಧ ಲಕ್ಷಣಗಳು

ಸ್ವದೇಶವನ್ನು ತೊರೆದು ಮೆಡಿಟರೇನಿಯನ್ ಕರಾವಳಿಯ ದುಬಾರಿ ವಿಹಾರಪಟ್ಟಣವೊಂದರಲ್ಲಿ ನೆಲೆಸುವ ಕ್ರಿಯೆಯನ್ನು ವಿದ್ವದ್ವಲಯವು ‘ಜೀವನಶೈಲೀಪ್ರೇರಿತ ಸ್ವೇಚ್ಛಾಸ್ಥಳಾಂತರ’ವೆಂದು ಕರೆಯುತ್ತದೆ, ಅದನ್ನೇ ಮನೆ ಮಾರುವ ದಲ್ಲಾಳಿಗಳ ಕೈಪಿಡಿಗಳು ‘ಅಂತರಂಗದ ಲಯದ ಪುನಃಪ್ರಾಪ್ತಿ’ಯೆಂದು ವರ್ಣಿಸುತ್ತವೆ. ದುಡ್ಡಿದ್ದವರು ಬಿಸಿಲಿರುವಲ್ಲಿ ಮನೆ ಕೊಳ್ಳುತ್ತಾರೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಬಹುದಾಗಿತ್ತಾದರೂ, ಹಾಗೆ ಮುಗಿಸಿದರೆ ವಿಚಾರಸಂಕಿರಣ ನಡೆಸಲು ಏನೂ ಉಳಿಯದಾದ್ದರಿಂದ, ಪ್ರಸ್ತುತ ಪ್ರಬಂಧವು ಈ ವಿದ್ಯಮಾನಕ್ಕೆ ‘ತೀರಮೋಕ್ಷ’ವೆಂಬ ಪಾರಿಭಾಷಿಕ ಪದವನ್ನು ಪ್ರತಿಪಾದಿಸುತ್ತದೆ. ತೀರಮೋಕ್ಷವೆಂದರೆ ಕ್ರಯಪತ್ರದ ಮೂಲಕ ಸಂಪಾದಿಸಬಹುದಾದ, ಪುನರ್ಜನ್ಮದ ಬದಲು ಮರುಮಾರಾಟದ ಅವಕಾಶವುಳ್ಳ ಮುಕ್ತಿ. ಅಧ್ಯಯನಕ್ಷೇತ್ರವಾಗಿ ದಕ್ಷಿಣ ಸ್ಪೇನಿನ ಮಾಲಗಾ ಪ್ರಾಂತ್ಯದ ಮಾರ್ಬೆಯಾ ಪಟ್ಟಣವನ್ನು ಆಯ್ದುಕೊಳ್ಳಲಾಗಿದೆ.

ಯಾವುದೇ ಶಾಸ್ತ್ರದ ಆರಂಭದಲ್ಲಿ ‘ಅಧಿಕಾರಿ’ಯನ್ನು, ಅಂದರೆ ಆ ಶಾಸ್ತ್ರಕ್ಕೆ ಅರ್ಹನಾದವನನ್ನು, ನಿರೂಪಿಸುವುದು ಪದ್ಧತಿ. ವೇದಾಂತದ ಅಧಿಕಾರಿಗೆ ಶಮ, ದಮ, ವೈರಾಗ್ಯಾದಿಗಳು ಬೇಕಾದರೆ, ತೀರಮೋಕ್ಷದಲ್ಲಿ ಅವುಗಳ ಸ್ಥಾನವನ್ನು ಬ್ಯಾಂಕಿನ ದಾಖಲೆಗಳು ತುಂಬುತ್ತವೆ. 2013ರ ಕಾಯಿದೆಯೊಂದರ ಪ್ರಕಾರ ಐದು ಲಕ್ಷ ಯೂರೋ ಬೆಲೆಯ ಆಸ್ತಿ ಕೊಂಡ ಯುರೋಪೇತರರಿಗೆ ಸ್ಪೇನು ವಾಸದ ಪರವಾನಗಿ ಕೊಡುತ್ತಿತ್ತು. ‘ಗೋಲ್ಡನ್ ವೀಸಾ’ ಎಂಬ ಈ ದೀಕ್ಷಾಕ್ರಮವು ಮನೆಗಳ ಬೆಲೆಯೇರಿಕೆಯ ಕುರಿತ ಜನರ ಕೋಪದ ನಡುವೆ 2025ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ಉಳಿದಿರುವ ದಾರಿಗಳಲ್ಲಿ ತಾತ್ವಿಕವಾಗಿ ಅತ್ಯಂತ ಶುದ್ಧವಾದದ್ದು ದುಡಿಯದವರ ವೀಸಾ: ಅರ್ಜಿದಾರನು ಸ್ಪೇನಿನಲ್ಲಿ ಯಾವ ಉದ್ಯೋಗವನ್ನೂ ಮಾಡುವುದಿಲ್ಲವೆಂದು ಒಪ್ಪಿಕೊಂಡು, ಮಾಡದೆಯೂ ಬದುಕಬಲ್ಲಷ್ಟು ಆದಾಯವಿದೆಯೆಂದು ಸಾಬೀತುಪಡಿಸಬೇಕು. ಪ್ರಾಚೀನರು ನಿಷ್ಕಾಮ ಕರ್ಮದವರೆಗೆ ಮಾತ್ರ ಯೋಚಿಸಿದ್ದರು. ನಿಷ್ಕರ್ಮ ಕಾಮವನ್ನು ಕಾನೂನಿನ ಅರ್ಹತೆಯಾಗಿಸಿದ ಕೀರ್ತಿ ಆಧುನಿಕರದು. ದುಡಿದೇ ತೀರುವ ಹಟವುಳ್ಳ ದೊಡ್ಡ ಸಂಬಳದವರಿಗೆ ‘ಬೆಕ್ಹಾಮ್ ಕಾನೂನು’ ಎಂದೇ ಹೆಸರಾದ 2005ರ ತೆರಿಗೆ ಸವಲತ್ತು ಇದೆ, ಆರು ಲಕ್ಷ ಯೂರೋವರೆಗಿನ ಸಂಬಳಕ್ಕೆ ಶೇಕಡಾ 24ರ ಒಂದೇ ದರ. ಫುಟ್‌ಬಾಲ್ ಆಟಗಾರನ ಹೆಸರು ಹೊತ್ತ ಈ ಸವಲತ್ತಿನಿಂದ 2015ರಲ್ಲಿ ವೃತ್ತಿಪರ ಆಟಗಾರರನ್ನೇ ಹೊರಗಿಟ್ಟಿರುವುದನ್ನು ತಾರ್ಕಿಕರು ಅವ್ಯಾಪ್ತಿದೋಷಕ್ಕೆ, ಎಂದರೆ ಲಕ್ಷಣವು ತನ್ನ ಲಕ್ಷ್ಯದ ಒಂದು ಭಾಗವನ್ನು ಬಿಟ್ಟುಬಿಡುವ ದೋಷಕ್ಕೆ, ನಿದರ್ಶನವಾಗಿ ಬಳಸಿಕೊಳ್ಳಬಹುದು.

ಅರ್ಹತೆ ಸಿದ್ಧಿಸಿದವನಿಗೆ ಮುಕ್ತಿ ನಾಲ್ಕು ಬಗೆ. ಮೊದಲನೆಯದಾದ ಸಾಲೋಕ್ಯವೆಂದರೆ ಆರಾಧ್ಯರ ಲೋಕದಲ್ಲೇ ವಾಸಿಸುವುದು. ಈ ಲೋಕದ ಸೃಷ್ಟಿಯನ್ನು ಕೈಪಿಡಿಗಳು 1954ಕ್ಕೆ, ರಾಜವಂಶದ ಕುಡಿ ಅಲ್ಫೊನ್ಸೊ ಹೋಹೆನ್‌ಲೋಹೆ ಮಾರ್ಬೆಯಾ ಕ್ಲಬ್ ಹೋಟೆಲನ್ನು ತೆರೆದ ವರ್ಷಕ್ಕೆ, ನಿಗದಿಪಡಿಸುತ್ತವೆ. ಅದಕ್ಕೆ ಮೊದಲು ಅಲ್ಲೇನಿತ್ತೆಂಬ ಪ್ರಶ್ನೆಗೆ ‘ನಿದ್ರಿಸುತ್ತಿದ್ದ ಮೀನುಗಾರರ ಹಳ್ಳಿ’ ಎಂಬ ಸಿದ್ಧ ಉತ್ತರವಿದೆ. ಆದರೆ 19ನೇ ಶತಮಾನದಲ್ಲಿ ಬೆಟ್ಟದ ಅದಿರನ್ನು ಕರಗಿಸುವ ಊದುಕುಲುಮೆಗಳು ಇದೇ ಊರಿನ ರಿಯೊ ವೆರ್ದೆ ಹೊಳೆಯ ದಡದಲ್ಲಿ ಉರಿಯುತ್ತಿದ್ದವು. ಹೊಗೆ, ಬೆವರುಗಳ ಚರಿತ್ರೆಯಿರುವ ಊರಿನಲ್ಲಿ ವಿಶ್ರಾಂತಿಯನ್ನು ಮಾರುವುದು ಕಷ್ಟವಾದ್ದರಿಂದ ಕುಲುಮೆಯನ್ನು ಅಳಿಸಿ ಮೀನುಗಾರನನ್ನು ಮಲಗಿಸಲಾಗಿದೆ. ಬೆಳಗಿನ ಜಾವಕ್ಕೇ ದೋಣಿ ಇಳಿಸುವವನು ಇಷ್ಟು ದೀರ್ಘವಾಗಿ ಯಾವಾಗ ನಿದ್ರಿಸಿದನೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಎರಡನೆಯದು ಸಾಮೀಪ್ಯ, ಆರಾಧ್ಯದ ಹತ್ತಿರವಿರುವುದು. ಸಮುದ್ರಕ್ಕೆ ತಾಗಿದ ಮನೆಗಳು ‘ಮೊದಲ ಸಾಲು’, ಅವುಗಳ ಹಿಂದಿನವು ‘ಎರಡನೆಯ ಸಾಲು’. ಪಂಕ್ತಿಭೇದವನ್ನು ಹಿಂದುಳಿದವರ ಆಚಾರವೆಂದು ನಗುವವರೇ ಇಲ್ಲಿ ಅದಕ್ಕೆ ಚದರ ಮೀಟರಿನ ಲೆಕ್ಕದಲ್ಲಿ ಬೆಲೆ ತೆರುತ್ತಾರೆ. ಸಾಮೀಪ್ಯದ ಗರ್ಭಗುಡಿ 1970ರಲ್ಲಿ ತೆರೆದ ಪುಯೆರ್ತೊ ಬಾನುಸ್, ವಿಹಾರನೌಕೆಗಳ ಬಂದರು. ಅದನ್ನು ಕಟ್ಟಿಸಿದ ಖೋಸೆ ಬಾನುಸ್‌ನನ್ನು ‘ದಾರ್ಶನಿಕ’ನೆಂದು ಕರೆಯುವ ಕೈಪಿಡಿಗಳಿಗೆ ಒಂದು ಅಡಿಟಿಪ್ಪಣಿ ಅಗತ್ಯವಿದೆ: ಸ್ಪೇನಿನ ಅಂತರ್ಯುದ್ಧದಲ್ಲಿ ಗೆದ್ದ ಸರ್ವಾಧಿಕಾರಿ ಫ್ರಾಂಕೋ ಮಾಡ್ರಿಡ್ ಬಳಿಯ ಬೆಟ್ಟದಲ್ಲಿ ಬೃಹತ್ ಸ್ಮಾರಕವೊಂದನ್ನು ಕಟ್ಟಿಸಿದಾಗ, ಸೋತ ಪಕ್ಷದ ಕೈದಿಗಳನ್ನು ಅಲ್ಲಿ ದುಡಿಸಿಕೊಂಡ ಗುತ್ತಿಗೆದಾರರಲ್ಲಿ ಬಾನುಸ್ ಸೋದರರ ಕಂಪನಿಯೂ ಒಂದಾಗಿತ್ತು. ಆ ದರ್ಶನ ಯಾವುದೆಂದು ಕೈಪಿಡಿಗಳು ವಿವರಿಸುವುದಿಲ್ಲ.

ಮೂರನೆಯದಾದ ಸಾರೂಪ್ಯಕ್ಕೆ, ಎಂದರೆ ಆರಾಧ್ಯರ ರೂಪವನ್ನೇ ತಾಳುವುದಕ್ಕೆ, ಬಿಳಿ ಲಿನನ್ ಅಂಗಿ, ಕಾಲುಚೀಲವಿಲ್ಲದ ಬೂಟು. ಇಷ್ಟು ಸಾಕು.

ನಾಲ್ಕನೆಯದು ಸಾಯುಜ್ಯ. ಇದರಲ್ಲಿ ಉಪಾಸಕನು ಉಪಾಸ್ಯದಲ್ಲಿ ಲೀನನಾಗುತ್ತಾನೆ. ಮಾರ್ಬೆಯಾದಲ್ಲಿ ಇದನ್ನು ಸಾಧಿಸಿದವನು ಕಟ್ಟಡೋದ್ಯಮಿ ಹೆಸೂಸ್ ಖಿಲ್. ತನ್ನ ಹೆಸರಿನ ಅಕ್ಷರಗಳೇ ಮೂಡುವಂತೆ ಪಕ್ಷವೊಂದನ್ನು ಕಟ್ಟಿ 1991ರಿಂದ 2002ರವರೆಗೆ ಮೇಯರ್ ಆಗಿದ್ದ ಈತನ ಆಳ್ವಿಕೆಯಲ್ಲಿ ಪುರಸಭೆಗೂ ಕಟ್ಟಡದ ವ್ಯಾಪಾರಕ್ಕೂ ಭೇದವಿದೆಯೆಂಬ ಮಿಥ್ಯಾಜ್ಞಾನ ನಾಶವಾಯಿತು. ತಾನೇ ಅಧ್ಯಕ್ಷನಾಗಿದ್ದ ಅಟ್ಲೆಟಿಕೊ ಮಾಡ್ರಿಡ್ ತಂಡದ ಅಂಗಿಗಳ ಮೇಲೆ ಊರಿನ ಹೆಸರು ಮೂಡಿಸಲು ಊರಿನ ಹಣವನ್ನೇ ಸುರಿದ ಪ್ರಕರಣದಲ್ಲಿ ಅವನ ಅಧಿಕಾರ ಹೋಯಿತು. 2006ರಲ್ಲಿ ಉತ್ತರಾಧಿಕಾರಿಗಳ ಬಂಧನವಾಗಿ, ಪ್ರಜಾಪ್ರಭುತ್ವದ ಸ್ಪೇನಿನಲ್ಲಿ ಮೊದಲ ಬಾರಿಗೆ ಕೇಂದ್ರ ಸರ್ಕಾರವು ಪುರಸಭೆಯೊಂದನ್ನು ವಿಸರ್ಜಿಸಿತು. ನಿಯಮ ಮೀರಿ ಎದ್ದ ಸಾವಿರಾರು ಮನೆಗಳನ್ನು ಸಕ್ರಮಗೊಳಿಸಲು 2010ರಲ್ಲಿ ಹೊಸ ನಗರಯೋಜನೆ ಬಂತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದರಿಂದ ಊರು ಮತ್ತೆ 1986ರ ಯೋಜನೆಗೇ ಮರಳಬೇಕಾಯಿತು.

ಇಲ್ಲಿಗೆ ಚತುರ್ವಿಧ ವಿಭಾಗವನ್ನು ಕೈಬಿಡುವುದು ಲೇಸು, ಏಕೆಂದರೆ ಇದೇ ಖಿಲ್ 1969ರಲ್ಲಿ ಸೆಗೋವಿಯಾ ಪ್ರಾಂತ್ಯದಲ್ಲಿ ಕಟ್ಟಿಸಿದ್ದ ಭೋಜನಶಾಲೆ ಜನ ತುಂಬಿದ್ದಾಗಲೇ ಕುಸಿದು 58 ಮಂದಿ ಸತ್ತಿದ್ದರು, ಅವನಿಗೆ ಶಿಕ್ಷೆಯಾಗಿತ್ತು, ಫ್ರಾಂಕೋ ಕ್ಷಮಾದಾನ ಕೊಟ್ಟಿದ್ದ. ಇದು ಗೊತ್ತಿದ್ದೂ ಊರು ಅವನಿಗೆ ಮತ ಹಾಕಿತು, ಬೀದಿಗಳು ಚೊಕ್ಕಟವಾಗಿವೆಯೆಂದು ಮೆಚ್ಚಿತು. 58 ಹೆಣಗಳಿಗೆ ಯಾವ ಲಕ್ಷಣವಾಕ್ಯವೂ ಹೊಂದುವುದಿಲ್ಲ.

ಹೆಣಗಳ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಮಾರ್ಬೆಯಾದಿಂದ ಶುಭ್ರ ದಿನಗಳಲ್ಲಿ ಆಫ್ರಿಕಾದ ಬೆಟ್ಟಗಳು ಕಾಣುತ್ತವೆ. ‘ಆಫ್ರಿಕಾದ ನೋಟ’ವಿರುವ ಬಾಲ್ಕನಿಗೆ ಹೆಚ್ಚು ಬೆಲೆ. 1988ರ ನವೆಂಬರ್ 1ರಂದು ಇದೇ ಕರಾವಳಿಗುಂಟ ಪಶ್ಚಿಮಕ್ಕಿರುವ ತಾರಿಫಾದ ಲೋಸ್ ಲಾನ್ಸೆಸ್ ಕಡಲತೀರದಲ್ಲಿ, ಆ ಬೆಟ್ಟಗಳ ಕಡೆಯಿಂದ ಸಣ್ಣ ದೋಣಿಯಲ್ಲಿ ಹೊರಟವರ ಹೆಣಗಳು ತೇಲಿಬಂದವು. ಜಲಸಂಧಿಯು ಅತಿ ಕಿರಿದಾದ ಕಡೆ 14 ಕಿಲೋಮೀಟರ್. ಅಂದಿನಿಂದ ಅಲ್ಲಿ ಮುಳುಗಿದವರ ಪೂರ್ಣ ಪಟ್ಟಿ ಎಲ್ಲೂ ಇಲ್ಲ. ಅವರೂ ಸ್ವದೇಶವನ್ನು ತೊರೆದು ಒಳ್ಳೆಯ ಬದುಕನ್ನು ಅರಸಿದವರೇ, ಅವರದೂ ಸ್ಥಳಾಂತರವೇ, ಆದರೆ ಅವರು ದುಡಿಯಲು ಬಂದವರಾದ್ದರಿಂದ ದುಡಿಯದವರ ವೀಸಾಕ್ಕೆ ಅನರ್ಹರು. ಇಂಥವರ ಬಗ್ಗೆ ‘ಅಂತರಂಗದ ಲಯ’ದ ಭಾಷೆಯಲ್ಲಿ ಒಂದು ಪುಟವನ್ನೂ ಬರೆಯದ ಶಾಸ್ತ್ರಕ್ಕೆ ಅಷ್ಟೊಂದು ಸಮಾಸಪದಗಳು ಯಾತಕ್ಕೆ ಬೇಕು?

ಬದುಕಿ ಉಳಿದು ದಡ ಸೇರಿದವರಲ್ಲಿ ಹಲವರೂ ಬಡ ಆಂದಲೂಸಿಯಾದವರೂ ಈ ಕರಾವಳಿಯ ಹೋಟೆಲುಗಳಲ್ಲಿ ಹಾಸಿಗೆ ಬದಲಿಸುತ್ತಾರೆ, ಪಾತ್ರೆ ತೊಳೆಯುತ್ತಾರೆ, ಉತ್ತರ ಯುರೋಪಿನ ನಿವೃತ್ತ ಮುದುಕರನ್ನು ಸ್ನಾನಕ್ಕೆ ಎತ್ತಿ ಇಳಿಸುತ್ತಾರೆ. ಊರೊಳಗಿನ ಬಾಡಿಗೆ ಅವರ ಸಂಬಳಕ್ಕೆ ಎಟುಕುವುದಿಲ್ಲ. ಒಂದೂವರೆ ಲಕ್ಷ ಮೀರಿದ ಜನಸಂಖ್ಯೆಯಿದ್ದೂ ಮಾರ್ಬೆಯಾಕ್ಕೆ ರೈಲಿಲ್ಲ. ಮಾಲಗಾದಿಂದ ಕರಾವಳಿಗುಂಟ ಬರುವ ಹಳಿ ಫುಯೆನ್‌ಹಿರೋಲಾದಲ್ಲೇ ಮುಗಿಯುತ್ತದೆ, ಮುಂದೆ ಬಸ್ಸು ಹಿಡಿಯಬೇಕು. ವಿಹಾರನೌಕೆಯಲ್ಲಿ ಬಂದಿಳಿಯುವವರಿಗೆ ಈ ಕೊರತೆ ಕಾಣುವುದಿಲ್ಲ. 2024ರ ಜೂನ್ 29ರಂದು ಮಾಲಗಾ ನಗರದಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟು, ತಾವು ದುಡಿಯುವ ಊರಿನಲ್ಲೇ ತಮಗೆ ತೆರಲಾಗುವ ಬಾಡಿಗೆಗೆ ಮನೆ ಬೇಕೆಂದು ಕೇಳಿದರು. ಮನೆಗಳ ಬೆಲೆ ಆಮೇಲೂ ಏರುತ್ತಲೇ ಇದೆ.