ಅಮಾಸೆಗೊಂದು ಕಂತು

ಅಮಾವಾಸ್ಯೆಯ ದಿನ ಆದಿಚುಂಚನಗಿರಿಗೆ ಬರುವವರೆಲ್ಲ ಕಾಲಭೈರವನ ದರ್ಶನಕ್ಕೇ ಬರುತ್ತಾರೆಂದು ತಿಳಿಯಬೇಡಿ. ನಮ್ಮ ದೊಡ್ಡಮ್ಮನ ಸುತ್ತ ಕೂರುತ್ತಿದ್ದ ಹೆಂಗಸರಲ್ಲಿ ಅರ್ಧ ಜನ ಬರುತ್ತಿದ್ದುದು ಧಾರಾವಾಹಿ ಕೇಳಲಿಕ್ಕೆ. ಪೂಜೆ ಮುಗಿಸಿ, ಪ್ರಸಾದ ಉಂಡು, ಬೆಟ್ಟದ ಬುಡದ ನೆರಳಲ್ಲಿ ಕಾಲು ಚಾಚಿದರೆ ಶುರು: "ಆಮ್ಯಾಕೇನಾಯ್ತು ಯೋಳಕ್ಕ, ಆ ಡಾಕ್ಟ್ರು ಅವಳ್ನ ಮದ್ವೆಯಾದ್ನಾ?"

1965ರಲ್ಲಿ ಶುರುವಾದ 'ಸುಧಾ', 1983ರಲ್ಲಿ ಬಂದ 'ತರಂಗ', ಎರಡನ್ನೂ ಬೆಳ್ಳೂರು ಕ್ರಾಸಿನಿಂದ ತರುವ ಹೊಣೆ ದೊಡ್ಡಪ್ಪನದು. ನಾಲ್ಕು ವಾರದ ಕಂತು ಮನೆಯಲ್ಲಿ ಓದಿ, ತಿಂಗಳ ಕೊನೆಗೆ ಒಟ್ಟಿಗೆ ಬೆಟ್ಟದಲ್ಲಿ ಬಿಡುಗಡೆ. ಡಿಕನ್ಸ್ 1836ರಲ್ಲಿ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯನ್ನು ತಿಂಗಳಿಗೊಂದು ಕಂತಿನಂತೆ ಮಾರಿದನಲ್ಲ, ದೊಡ್ಡಮ್ಮನದೂ ಅದೇ ಲೆಕ್ಕ. ಅವನು ಒಂದು ಕಂತಿಗೆ ಒಂದು ಶಿಲ್ಲಿಂಗ್ ತೆಗೆದುಕೊಳ್ಳುತ್ತಿದ್ದ, ಇವಳು ಎರಡು ಎಲೆ ಒಂದು ಅಡಿಕೆ.

ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಈ ಕಸುಬಿನ ಗುಟ್ಟು. ಕಾದಂಬರಿಕಾರರು ನಾಯಕಿ ಕಾಗದ ಒಡೆಯುವ ಹೊತ್ತಿಗೆ 'ಮುಂದುವರಿಯುವುದು' ಎಂದು ಕೈತೊಳೆದುಕೊಳ್ಳುತ್ತಿದ್ದರು. ದೊಡ್ಡಮ್ಮನಿಗೆ ಕಂಡಕ್ಟರನ ಸೀಟಿಯೇ ಸಾಕಿತ್ತು. "ಮಿಕ್ಕಿದ್ದು ಬರೋ ಅಮಾಸೆಗೆ ಕನವ್ವಾ" ಎಂದು ಸೆರಗು ಕೊಡವಿ ಬಸ್ಸು ಹತ್ತಿಬಿಡುತ್ತಿದ್ದಳು.

ತೊಡಕು ಬರುತ್ತಿದ್ದುದು ಸಂಚಿಕೆ ತಪ್ಪಿದಾಗ. ಒಮ್ಮೆ ದೊಡ್ಡಪ್ಪ ಕೊಬ್ಬರಿ ವ್ಯಾಪಾರದ ಗಲಾಟೆಯಲ್ಲಿ ಪತ್ರಿಕೆ ತರಲಿಲ್ಲ. ಕಂತಿಲ್ಲವೆಂದರೆ ಕೇಳುಗರು ಬಿಟ್ಟಾರೆಯೇ? ದೊಡ್ಡಮ್ಮ ಹಿಂದುಮುಂದು ನೋಡದೆ ನಾಯಕನನ್ನು ಸಾಲ ವಸೂಲಿಗೆಂದು ಕೆ.ಆರ್. ಪೇಟೆಗೆ ಕಳಿಸಿದಳು. ಮುಂದಿನ ಸಂಚಿಕೆ ತೆರೆದರೆ ಪುಣ್ಯಾತ್ಮ ಕೋಟು ಹಾಕಿಕೊಂಡು ಅಮೆರಿಕದಿಂದ ಇಳಿಯುತ್ತಿದ್ದಾನೆ! "ಪ್ಯಾಟೇಲಿ ದುಡ್ಡು ಕೈಗೆ ಬಂತಲ್ಲ, ಅಂಗೇ ವಿಮಾನ ಹತ್ತುದ" ಎಂದಳು. ಒಬ್ಬರೂ ಅನುಮಾನಪಡಲಿಲ್ಲ. ವಸೂಲಾದ ಸಾಲ ಎಷ್ಟೆಂದು ಮಾತ್ರ ಕೇಳಿದರು.

ಇಂಥದ್ದಕ್ಕೆ ದೊಡ್ಡ ಮೇಲ್ಪಂಕ್ತಿಯೇ ಇದೆ. ನಮ್ಮ ಮಂಡ್ಯದ ತ್ರಿವೇಣಿಯವರು 1963ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತ 'ಅವಳ ಮಗಳು' ಕಾದಂಬರಿಯನ್ನು ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ಆದರೆ ಲೇಖಕರು ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಅವರ ಕಾದಂಬರಿಗೆ ಕೈಹಾಕಿದವಳು ದೊಡ್ಡಮ್ಮ. ಕಥೆಯ ಅತ್ತೆಗೆ ತನ್ನ ವಾರಗಿತ್ತಿಯ ಗುಣವನ್ನೆಲ್ಲ ತುಂಬಿದ್ದೂ ಅವಳೇ, ವಾರಗಿತ್ತಿ ಎದುರಿಗೇ ಕೂತು "ಥೂ, ಎಂಥಾ ಎಂಗ್ಸವ್ವ ಅವ್ಳು!" ಎನ್ನುತ್ತಿದ್ದಳು. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನವರೇ. ತಮ್ಮದೇ ಸೀಮೆಯ ಈ ಬೆಟ್ಟದ ಬುಡದಲ್ಲಿ ಒಂದು ಅಮಾವಾಸ್ಯೆ ಟೇಪ್ ರೆಕಾರ್ಡರ್ ಇಟ್ಟಿದ್ದರೆ ಜಾನಪದಕ್ಕೆ ಹೊಸದೊಂದು ಪ್ರಕಾರವೇ ಸಿಗುತ್ತಿತ್ತು.

ಧಾರಾವಾಹಿ ಮುಗಿದ ಮೇಲೆ ದೊಡ್ಡಮ್ಮ ಹಾಳೆಗಳನ್ನು ಹರಿದು, ದಬ್ಬಳದಲ್ಲಿ ಹೊಲಿದು, ಕ್ಯಾಲೆಂಡರ್ ರಟ್ಟು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದಳು. ನಾಯಕಿ ಅಳುವ ಪುಟದ ಬೆನ್ನಿಗೆ ಬದನೆಕಾಯಿ ಗೊಜ್ಜು ಮಾಡುವ ವಿಧಾನ, ಮದುವೆಯ ಪುಟದ ಹಿಂದೆ ವಾರಭವಿಷ್ಯ. ನಾನು ಓದು ಕಲಿತದ್ದು ಆ ಕಟ್ಟುಗಳಿಂದಲೇ. ಹೀಗಾಗಿ ನನಗೆ ಇಂದಿಗೂ ವಿರಹವೆಂದರೆ ಹುಣಸೆಹಣ್ಣು ನೆನಪಾಗುತ್ತದೆ.

ಅದೇ ಅಮೆರಿಕದ ಕಾದಂಬರಿ ಪುಸ್ತಕವಾಗಿ ಬಂದ ಮೇಲೆ ಓದಿ ನೋಡಿದೆ. ನಾಯಕ ಕೆ.ಆರ್. ಪೇಟೆಗೆ ಹೋಗುವುದೇ ಇಲ್ಲ. ದೊಡ್ಡಮ್ಮನ ಕಾದಂಬರಿಯೇ ಮೇಲು.

ನಿಮ್ಮ ಅಟ್ಟದಲ್ಲೂ ಇಂಥ ಹೊಲಿದ ಕಟ್ಟುಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಕಂತು ತಪ್ಪಿದ ಕಡೆ ನಿಮ್ಮ ಮನೆಯ ಹಿರಿಯರು ಏನು ಹೇಳಿ ದಾಟಿಸಿದರೆಂದು ಕೇಳಿ, ಅಲ್ಲೇ ಅಂಚಿನಲ್ಲಿ ಬರೆದಿಡಿ.