ತ್ರಿಬಲ್ ಸೆವೆನ್ ಅಣ್ಣ

ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್ ಎಂದ ಮೇಲೆ ಅಲ್ಲೊಬ್ಬ ತ್ರಿಬಲ್ ಸೆವೆನ್ ಅಣ್ಣ ಇದ್ದೇ ಇರುತ್ತಾನೆ. ಫೈನಲ್ ಇಯರ್. ಒಂದೆರಡು ಪೇಪರ್ ಬ್ಯಾಕ್ ಉಳಿದಿರಬಹುದು, ಆದರೆ ಉಬುಂಟು ವಿಷಯಕ್ಕೆ ಬಂದರೆ ಅವನದೇ ಕೊನೆಯ ಮಾತು. ಆರ್ಡುಯಿನೋ ಬೋರ್ಡಿಗೆ ಪ್ರೋಗ್ರಾಂ ಹಾಕಲು ಹೋದ ಜೂನಿಯರ್ ಒಬ್ಬಳು 'ಪರ್ಮಿಷನ್ ಡಿನೈಡ್' ಎಂಬ ಸಾಲು ಕಂಡು ಕಂಗಾಲಾದರೆ ಸಾಕು, ಹಿಂದಿನ ಬೆಂಚಿನಿಂದ ಎದ್ದು ಬರುತ್ತಾನೆ. ಏನಾಯಿತೆಂದು ಕೇಳುವುದಿಲ್ಲ, ಕೂರುವುದೂ ಇಲ್ಲ. ಎಡಗೈಯಲ್ಲಿ ಮೊಬೈಲ್ ಹಿಡಿದು, ಬಲಗೈಯ ಎರಡೇ ಬೆರಳಲ್ಲಿ 'ಸುಡೋ ಸಿಎಚ್‌ಮಾಡ್ 777' ಎಂದು ಬರೆದು, ಮುಂದೆ ಆ ಪೋರ್ಟಿನ ಹೆಸರು ಸೇರಿಸಿ, ಎಂಟರ್ ಕುಟ್ಟುತ್ತಾನೆ. 'ಈಗ ಹಾಕು ನೋಡಣ' ಎನ್ನುತ್ತಾನೆ. ಬೋರ್ಡಿನ ದೀಪ ಮಿಣುಕುತ್ತದೆ. ಅಣ್ಣ ಅಷ್ಟರಲ್ಲಿ ಬಾಗಿಲು ದಾಟಿರುತ್ತಾನೆ.

ಇವನ ಕೀರ್ತಿಯೆಲ್ಲ ನಿಂತಿರುವುದು ರೋಗ ವಾಸಿಯಾಗದೆ ಇರುವುದರ ಮೇಲೆ ಎಂಬುದು ನನ್ನ ವಾದ. ಬೋರ್ಡನ್ನು ಚುಚ್ಚಿದಾಗ ಲಿನಕ್ಸ್ ಅದಕ್ಕೊಂದು ಫೈಲ್ ಹುಟ್ಟಿಸುತ್ತದೆ, ಅದರ ಹಕ್ಕುಗಳನ್ನು ಯುಡೆವ್ ಎಂಬ ವ್ಯವಸ್ಥೆ ನಿಗದಿ ಮಾಡುತ್ತದೆ. ಉಬುಂಟುವಿನಲ್ಲಿ ಅದರ ಮಾಲೀಕ ರೂಟ್, ಗುಂಪು ಡಯಲ್‌ಔಟ್, ಅನುಮತಿ 660. ಅಂದರೆ ಇವರಿಬ್ಬರಿಗೆ ಓದುವ, ಬರೆಯುವ ಹಕ್ಕು, ಉಳಿದವರಿಗೆ ಸೊನ್ನೆ. ಅಣ್ಣ ಆ ಸೊನ್ನೆಯನ್ನು ಏಳು ಮಾಡುತ್ತಾನೆ, ಸರಿ. ಆದರೆ ಕೇಬಲ್ ಕಿತ್ತ ಕೂಡಲೇ ಆ ಫೈಲೇ ಇಲ್ಲವಾಗುತ್ತದೆ. ಮತ್ತೆ ಚುಚ್ಚಿದರೆ ಹೊಸ ಫೈಲ್, ಹಳೆಯ 660. ಜೂನಿಯರ್ ಮತ್ತೆ ಕಂಗಾಲು, ಅಣ್ಣನಿಗೆ ಮತ್ತೆ ಬುಲಾವ್. ಇದರಲ್ಲೂ ಆ ಏಳು ದುಂದು. ಓದಲು ನಾಲ್ಕು, ಬರೆಯಲು ಎರಡು, ಪ್ರೋಗ್ರಾಮಿನಂತೆ ಓಡಿಸಲು ಒಂದು. ಪೋರ್ಟಿನ ಫೈಲನ್ನು ಯಾರೂ ಓಡಿಸುವುದಿಲ್ಲ. ಲ್ಯಾಬಿನ ಸ್ಟೂಲಿಗೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಟ್ಟ ಹಾಗೆ ಆ ಒಂದು.

ಹುಡುಗಿಯನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿಬಿಟ್ಟರೆ ಕಥೆ ಮುಗಿಯಿತು. 'ಸುಡೋ ಯೂಸರ್‌ಮಾಡ್', ಒಂದು ಅಡ್ಡಗೆರೆ, ಚಿಕ್ಕ ಎ, ದೊಡ್ಡ ಜಿ, ಡಯಲ್‌ಔಟ್, ಕೊನೆಗೆ ಅವಳ ಯೂಸರ್ ಹೆಸರು. ಆ ಚಿಕ್ಕ ಎ ಮರೆತರೆ ಮಾತ್ರ ಅನಾಹುತ: ಅವಳಿದ್ದ ಬೇರೆ ಗುಂಪುಗಳಿಂದೆಲ್ಲ, ಸುಡೋ ಗುಂಪಿನಿಂದಲೂ, ಹೊರಬೀಳುತ್ತಾಳೆ. ಆಮೇಲೆ ಲಾಗ್‌ಔಟ್ ಮಾಡಿ ಒಳಬರಬೇಕು, ಹೊಸ ಟರ್ಮಿನಲ್ ತೆರೆದರೆ ಸಾಲದು. ಅಣ್ಣನಿಗೆ ಈ ದಾರಿ ರುಚಿಸದಿರುವುದು ಇದಕ್ಕೇ ಇರಬೇಕು. ಲಾಗ್‌ಔಟ್ ಆಗಿ ಬರುವವರೆಗೆ ಕಾಯುತ್ತ ನಿಂತವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ವೈವಾಕ್ಕೆ ಹತ್ತು ನಿಮಿಷ ಇರುವಾಗ ಲಾಗ್‌ಔಟ್ ಪುರಾಣ ಯಾರಿಗೆ ಬೇಕು ಎಂದು ಅವನ ಅಭಿಮಾನಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಗುಂಪಿಗೆ ಸೇರಿಸಿದ ಮೇಲೆ 'ನ್ಯೂಜಿಆರ್‌ಪಿ ಡಯಲ್‌ಔಟ್' ಎಂದು ಕೊಟ್ಟು ಅದೇ ಟರ್ಮಿನಲ್‌ನಿಂದ ಪ್ರೋಗ್ರಾಂ ತೆರೆದರೆ ಆ ಹತ್ತು ನಿಮಿಷವೇ ಧಾರಾಳ. ನನ್ನ ಲ್ಯಾಪ್‌ಟಾಪಿಗೆ ಯಾವ ಕಳ್ಳ ಬರುತ್ತಾನೆ ಎಂಬುದು ಇನ್ನೊಂದು ತಕರಾರು. ಇದನ್ನೂ ಮುಕ್ಕಾಲು ಒಪ್ಪುತ್ತೇನೆ: ಕೇಬಲ್ ಕಿತ್ತರೆ ಮಾಯವಾಗುವ 777ರಿಂದ ಲೋಕ ಮುಳುಗುವುದಿಲ್ಲ. ಅಪಾಯವಿರುವುದು ಅವನ ಮುಂದಿನ ಮದ್ದುಗಳಲ್ಲಿ. ಮೊದಲ ಮದ್ದು ಹತ್ತದಿದ್ದರೆ ಇಡೀ ಆರ್ಡುಯಿನೋ ತಂತ್ರಾಂಶವನ್ನೇ ಸುಡೋ ಹಾಕಿ ತೆರೆಯುತ್ತಾನೆ. ಆಗ ಹುಟ್ಟಿದ ಫೈಲುಗಳಿಗೆ ರೂಟ್ ಮಾಲೀಕನಾಗಿಬಿಡುತ್ತಾನೆ. ಮರುದಿನ ತನ್ನದೇ ಪ್ರೋಗ್ರಾಂ ತಿದ್ದಲು ಕೂತ ಹುಡುಗಿಗೆ ಸೇವ್ ಮಾಡಲು ಬಿಡುವುದಿಲ್ಲ. ಅದಕ್ಕೆ ಮದ್ದು? ಇಡೀ ಹೋಮ್ ಫೋಲ್ಡರಿಗೆ 777. ಆಗ ಎಸ್‌ಎಸ್‌ಎಚ್, ಕೀಲಿಯ ಫೈಲು ಊರಿಗೆಲ್ಲ ತೆರೆದಿದೆ, ಇದನ್ನು ಮುಟ್ಟುವುದಿಲ್ಲ ಎಂದು ಮುನಿಸಿಕೊಳ್ಳುತ್ತದೆ. ಹೆಚ್ಚು ಹಕ್ಕು ಕೊಟ್ಟದ್ದೇ ತಪ್ಪಾಗುವ ಈ ಹಂತ ಅಣ್ಣನ ಸಿಲಬಸ್‌ನಲ್ಲಿಲ್ಲ.

ಎಲ್ಲವೂ ಗುಂಪಿನಿಂದಲೇ ಬಗೆಹರಿಯುತ್ತದೆ ಎಂದೇನೂ ನಾನು ಹೇಳುತ್ತಿಲ್ಲ. ಯುಎಸ್‌ಬಿಎಎಸ್‌ಪಿ ಥರದ ಪ್ರೋಗ್ರಾಮರ್‌ಗಳು ಸೀರಿಯಲ್ ಪೋರ್ಟಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಅವಕ್ಕೆ ಎಲ್‌ಎಸ್‌ಯುಎಸ್‌ಬಿ ಕೊಟ್ಟು ಗುರುತಿನ ಸಂಖ್ಯೆ ನೋಡಿಕೊಂಡು ಯುಡೆವ್ ನಿಯಮವೊಂದನ್ನು ಬರೆಯಬೇಕು. ಇನ್ನು ಎಸ್.ಪಿ. ರೋಡಿನಲ್ಲಿ ಸಿಗುವ ಅಗ್ಗದ ಬೋರ್ಡುಗಳದು ಬೇರೆಯೇ ಪ್ರಹಸನ. ಅವುಗಳಲ್ಲಿ ಎಷ್ಟೋ ಬೋರ್ಡುಗಳ ಮೇಲಿರುವುದು ಸಿಎಚ್340 ಚಿಪ್. ಉಬುಂಟು 22.04ರಲ್ಲಿ ಬ್ರೈಲ್ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ಯಾಕೇಜ್ ಈ ಚಿಪ್ಪನ್ನೂ ಬ್ರೈಲ್ ಸಾಧನವೆಂದೇ ಭಾವಿಸಿ ಕಸಿದುಕೊಳ್ಳುತ್ತಿತ್ತು, ಪೋರ್ಟ್ ಕಂಡ ಹಾಗೇ ಮಾಯ. ಅಂಥಲ್ಲಿ ತ್ರಿಬಲ್ ಸೆವೆನ್ ಕುಟ್ಟಿದರೆ 'ಅಂಥ ಫೈಲೇ ಇಲ್ಲ' ಎಂಬ ಉತ್ತರ. ಡಿಎಂಇಎಸ್‌ಜಿ ಕೊಟ್ಟು ನೋಡಿದರೆ ಯಾರು ಕಸಿದರೆಂಬ ಹೆಸರೂ ಸಿಗುತ್ತದೆ, ಬ್ರೈಲ್ ಪರದೆ ಬಳಸುವವರು ಆ ಯಂತ್ರದಲ್ಲಿ ಇಲ್ಲವಾದರೆ ಆ ಪ್ಯಾಕೇಜ್ ತೆಗೆದುಹಾಕಬಹುದು. ಅಣ್ಣ ಡಿಎಂಇಎಸ್‌ಜಿ ನೋಡುವುದಿಲ್ಲ. 'ಕೇಬಲ್ ಹೋಗಿದೆ' ಎನ್ನುತ್ತಾನೆ. ಚಾರ್ಜಿಂಗ್‌ಗಷ್ಟೇ ಆಗುವ ಕೇಬಲ್‌ಗಳು ಪ್ರತಿ ಲ್ಯಾಬಿನಲ್ಲೂ ಬಿದ್ದಿರುವುದರಿಂದ ಒಮ್ಮೊಮ್ಮೆ ಇದು ನಿಜವೂ ಆಗಿ ಅವನ ಮಾನ ಉಳಿಯುತ್ತದೆ. ಕೇಬಲ್ ಬದಲಿಸಿದರೂ ಆಗದಿದ್ದರೆ ಬ್ಯಾಗ್ ಹೆಗಲಿಗೇರಿಸಿ, 'ಸುಮ್ನೆ ವಿಂಡೋಸ್ ಹಾಕ್ಕೋಮ್ಮ' ಎಂದು ಹೊರಡುತ್ತಾನೆ. ಅಲ್ಲಿ ಇದೇ ಚಿಪ್ಪಿಗೆ ಎಷ್ಟೋ ಸಲ ಡ್ರೈವರ್ ಹುಡುಕಿ ಇಳಿಸಿಕೊಳ್ಳಬೇಕಾಗುತ್ತದೆ, ಅದನ್ನು ಮಾತ್ರ ಹೇಳುವುದಿಲ್ಲ.